ಅಪ್ಪನ ಅಂಗಾಲು

ಕಲ್ಲೋಳಿ
14 ಮೇ 2025

ಪೂನಮ್ ಅಕ್ಕಾಗ ಜೈ ಭೀಮ್.

ಬರಿಯಾಕ ತಡಾ ಆತು, ಸಿಟ್ಟಾಗಬ್ಯಾಡ. ಫೋನಿನ್ಯಾಗ ಅಪ್ಪನ ಹೆಸರ ತಗದ್ರ ಸಾಕು, ಕಟ್ ಮಾಡ್ತಿ. ಪತ್ರ ಕಟ್ ಮಾಡಾಕ ಬರಂಗಿಲ್ಲಲ್ಲ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ನಾ, ತಪ್ಪಿದ್ರ ತಿದ್ದಿಕೊಂಡು ಓದು.

ಅಪ್ಪ ಕುಡ್ಯಾಂಗಿಲ್ಲ. ಇದನ್ನ ಮೊದಲ ಓದು.

ಹೋದ ತಿಂಗಳ ಬುದ್ಧ ವಿಹಾರದಾಗ ವಂದನಾ ಹೇಳೂ ಮುಂದ ಎಲ್ಲಾರೂ ಕಣ್ಣ ಮುಚ್ಚಿ ನಿಂತಿದ್ರು. ಅಪ್ಪ ಓಲಾಡಿ ಬಾಜೂದಾಂವನ ಮ್ಯಾಲ ಬಿದ್ದ. ಸುಂದ್ರವ್ವ ಕಾಕು ಕಿಸಕ್ಕನ ನಕ್ಕು, "ಹೊಳೆಪ್ಪಣ್ಣಾ, ಮುಂಜಾನೇನ ಏರಿಸಿ ಬಂದಿ ಏನು?" ಅಂದ್ಲು. ಕಮಿಟಿಯವರು, "ಶೆರೆ ಮುಟ್ಟಂಗಿಲ್ಲ ಅಂತ ಪಂಚಶೀಲ ಹೇಳೂ ಬಾಯಿ ಏನೋ ಇದು? ನಡಿ ಹೊರಗ" ಅಂತ ರಟ್ಟಿ ಹಿಡದು ದಬ್ಬಿದ್ರು. ಮಿಲ್ಲಿನ್ಯಾಗ ಇಪ್ಪತ್ತೆಂಟ ವರ್ಷ ನಿಂತು ದುಡದ ಕಾಲು. ಯಾವನೂ ಬಗ್ಗಿ ಅದನ್ನ ನೋಡಲಿಲ್ಲ! ಗೋಕಾಕದ ಡಾಕ್ಟರ್ ಅಂತೂ ಕುರ್ಚಿ ಬಿಟ್ಟ ಏಳಲಿಲ್ಲ. "ಸಕ್ಕರಿ ಬ್ಯಾನಿ ಗುಳಗಿ ತಗೊ, ನೆಟ್ಟಗ ನಿಂದ್ರು" ಅಂದ, ಮುಂದಿನವರನ್ನ ಕರದ.

ಓಣ್ಯಾಗ ಕೂಸುಗೋಳಿಗೆ ಎಣ್ಣಿ ಹಚ್ಚಿ ಎರೀತಾಳಲ್ಲ ಮುದಕವ್ವ ಆಯಿ, ಆಕಿ ಒಬ್ಬಾಕಿ ಅಪ್ಪನ ಅಂಗಾಲ ಮುಟ್ಟಿದ್ಲು. ಕಣ್ಣ ಮುಚ್ಚಿಸಿ, ಕಿರಿಬೆರಳ ಹಿಡದು, "ಇದ್ಯಾವುದಪಾ?" ಅಂದ್ಲು.

"ಹಿಡದಿ ಏನ?" ಅಂದ ಅಪ್ಪ.

ಆಯಿ ನನಗ ಬೈದ್ಲು: "ಕೂಸಿಗೂ ತಿಕ್ಕಿ ತಿಕ್ಕೇ ಕಾಲ ಐತಿ ಅಂತ ತಿಳಸ್ತೀವಿ. ಇವನ ಕಾಲಿಗೆ ನೆಲದ ಸುದ್ದೀನ ಮುಟ್ಟವಲ್ದು. ಕಣ್ಣ ಮುಚ್ಚಿದ್ರ ಹ್ಯಾಂಗ ನಿಂದರತಾನೋ, ಹುಚ್ಚಪ್ಯಾಲಿ?"

ಅವತ್ತಿಂದ ದಿನಾ ಕುಸುಬಿ ಎಣ್ಣಿ ಹಚ್ಚಿ ತಿಕ್ಕಾಕತ್ತೇನಿ. ಮೊದಲ ದಿನ ಕಾಲ ಎಳಕೊಂಡ, "ಬಿಡೋ, ಹೊಲಸ ಅದಾವು" ಅಂದ. ಎಂಟನೇ ದಿನ ಎದ್ದು ನಿಂತು, "ಶುಭ್ಯಾ, ನೆಲದ ಫರಸಿ ತಣ್ಣಗೈತಿ" ಅಂದ. ಅವನ ಮಾರಿ ನೋಡಬೇಕಿತ್ತು ನೀ.

ಮೊನ್ನೆ ಬುದ್ಧ ಪೂರ್ಣಿಮಾಕ್ಕ ಕಾಲ ತಿಕ್ಕಿ ವಿಹಾರಕ್ಕ ಕರಕೊಂಡು ಹೋದೆ. ಕಣ್ಣ ಮುಚ್ಚಿ, ಪೂರಾ ವಂದನಾ ಮುಗಿಯೂ ತನಕ ನಿಂತ. ಸಕ್ಕರಿ ಏನೂ ಹೋಗಿಲ್ಲ. ತಿಕ್ಕೂದ ಬಿಟ್ರ ಮತ್ತ ವಾಲತಾನ. ಕಮಿಟಿಯವರು ಈಗ "ಆಗಿದ್ದ ಆತು ಬಿಡು" ಅಂತಾರ. ಏನ ಆತು? ಮಾಫಿ ಕೇಳಾಕ ನಾಲಿಗಿ ಬಿದ್ದೈತಿ ಏನ ಅವರ್ದು?

ನೀನೂ ಕಡಿಮಿ ಇಲ್ಲ. ಎರಡ ವರ್ಷ ಆತು, ಬೆಲ್ಲದ ಬಾಗೇವಾಡಿಂದ ಇತ್ತ ಹಣಿಕಿ ಹಾಕಿಲ್ಲ. "ಕುಡುಕನ ತೊಡಿ ಮ್ಯಾಲ ನನ್ನ ಕೂಸ ಹಾಕಂಗಿಲ್ಲ" ಅಂದಿ. ಬಾ. ಕುಂಡ್ರಿಸಿ ಕೊಡು, ಬೀಳಸಂಗಿಲ್ಲ.

ಮಾಮಾಗ ಜೈ ಭೀಮ್ ಹೇಳು. ಕೂಸು ಗಟ್ಟಿ ಕಾಲಿನ್ಯಾಗ ಬೆಳೀಲಿ.

ನಿನ್ನ ತಮ್ಮ,
ಶುಭಮ್

ತಾ.ಕ.: ಅಪ್ಪ ಕುಡಿತಾನ ಅಂತ ನಿನಗ ಮೊದಲ ಫೋನ್ ಹಚ್ಚಿ ಹೇಳಿದಾಂವ ನಾನ. ಅವತ್ತ ಮೂಡಲಗಿ ಬಸ್ ಸ್ಟ್ಯಾಂಡಿನ್ಯಾಗ ಓಲಾಡಿದ, ಮಂದಿ ನಕ್ರು. ಎಲ್ಲಾರ ಮುಂದ "ಬಾಯಿ ತಗಿ" ಅಂದೆ. ತಗದ. ಮೂಸಿ ನೋಡಿದೆ. ವಾಸನಿ ಇರಲಿಲ್ಲ ಅಕ್ಕಾ. ಆದ್ರೂ ನಿನಗ ಇತ್ತು ಅಂತ ಹೇಳಿದೆ.