ಮೇಷ್ಟ್ರ ಕಹಿ ಮಾತ್ರೆ

ಮಾರ್ಚ್ ೪, ಮಂಗಳವಾರ

ಆ ರಿಟೈರಾದ ಮೇಷ್ಟ್ರನ್ನು ನೆನೆದರೆ ಇನ್ನೂ ಮೈ ಉರಿಯುತ್ತದೆ. ಉಬ್ಬಸದ ಹೊಸ ಮಾತ್ರೆಯ ಪರೀಕ್ಷೆಗೆಂದು ಆಸ್ಪತ್ರೆಗೆ ಬರುವ ನಮ್ಮಲ್ಲಿ ಅರ್ಧ ಜನಕ್ಕೆ ಔಷಧ, ಉಳಿದವರಿಗೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ಈ ಮಹಾನುಭಾವರಿಗೆ ಮಾತ್ರ ಗೊತ್ತು.

"ಕಚ್ಚಿ ನೋಡ್ದೆ, ಕಹಿ ಇದೆ. ನಂದು ಅಸಲಿ. ನಿಮ್ದು ಹೇಗಿದೆಯಮ್ಮಾ?" ಎಂದರು. ದನಿಯಲ್ಲಿ ಕನಿಕರ ಬೇರೆ.

"ಅದನ್ನ ಕೊಟ್ಟಿರೋದು ನುಂಗೋಕೆ ಮೇಷ್ಟ್ರೇ, ರುಚಿ ನೋಡೋಕಲ್ಲ" ಎಂದೆ. ನರ್ಸ್ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ಉಸಿರು ಅಳೆಯುವ ಕೊಳವೆಯನ್ನು ಕಣ್ಣು ಮೇಲಾಗುವಂತೆ ಊದಿದರು. ಮುಳ್ಳು ಹೋದ ಸಲಕ್ಕಿಂತ ಒಂದು ಗೆರೆಯೂ ಮೇಲೇರಲಿಲ್ಲ. "ಕೊಳವೆ ಹಳೇದು" ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಇಂಥವರು ಎಷ್ಟು ಮಕ್ಕಳಿಗೆ ಪಾಠ ಹೇಳಿ ಕೆಡಿಸಿದ್ದಾರೋ.

ಮನೆಗೆ ಬಂದು ಅವರಂತೆಯೇ ಊದಿ ತೋರಿಸಿ ಅತ್ತೆಯನ್ನೂ ನಗಿಸಿದೆ.

ಎಲ್ಲರೂ ಮಲಗಿದ ಮೇಲೆ ಎದೆಯಲ್ಲಿ ಮತ್ತೆ ಅದೇ ಗೊರಗೊರ. ರಾತ್ರಿಯ ಮಾತ್ರೆಯನ್ನು ಬಾಯಿಗಿಟ್ಟುಕೊಂಡೆ. ನೀರಿನ ಲೋಟ ಕೈಯಲ್ಲೇ ಇತ್ತು. ಕುಡಿಯಲಿಲ್ಲ, ಕಚ್ಚಿದೆ.

ಸಪ್ಪೆ.

ನಾಳೆಯದನ್ನೂ ಕಚ್ಚಿ ನೋಡಬೇಕು. ಇವತ್ತಿನದು ಹಳೆಯದಿರಬಹುದು.