ಚೀಫ್ಟನ್ ಟ್ಯಾಂಕಿನಲ್ಲಿ ಹಾಲು ಉಕ್ಕಿಸಿದ್ದು

ಒಶಾವಾ
15 ಜೂನ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ, ಮೈಕೈ ಎಲ್ಲ ಗ್ರೀಸ್ ಮೆತ್ತಿಕೊಂಡ ನಿನ್ನ ಮಗಳ ನಮಸ್ಕಾರ.

ನಿನ್ನೆ ಫೋನಿನಲ್ಲಿ ಬರೀ ನಗುತ್ತೀಯೆಂದು ಬೈದೆಯಲ್ಲ, ಅದಕ್ಕೇ ಎಲ್ಲ ನಿಧಾನವಾಗಿ ಬರೆಯುತ್ತಿದ್ದೇನೆ. ಇಷ್ಟಕ್ಕೂ ತಪ್ಪೆಲ್ಲ ನಿನ್ನದೇ.

ಕಾರ್ಖಾನೆಯ ಕೆಲಸ ಮುಗಿಸಿ ನಾನು ಹಳೇ ಯುದ್ಧ ಟ್ಯಾಂಕುಗಳ ಕ್ಲಬ್ಬಿಗೆ ಹೋಗುವುದು ನಿನಗೆ ಗೊತ್ತು. ನಮ್ಮದು ಬ್ರಿಟಿಷರ ಚೀಫ್ಟನ್. ಬಿಚ್ಚಿ, ಉಜ್ಜಿ, ಜೋಡಿಸಿ, ಕೊನೆಗೂ ಈ ವಸಂತದಲ್ಲಿ ಎಂಜಿನ್ ಕೆಮ್ಮುವಂತೆ ಮಾಡಿದ್ದೆವು. ನಿನ್ನೆಯ ಪ್ರದರ್ಶನದಲ್ಲಿ ಅದನ್ನು ಓಡಿಸುವ ಸರದಿ ನನ್ನದು. ಆ ಆಸೆಯಲ್ಲಿ ನನಗೆ ಊಟವೇ ಸೇರುತ್ತಿರಲಿಲ್ಲ.

ನಮ್ಮ ಕಮಾಂಡರ್ ಕ್ಲೈವ್ ಬ್ರಿಟಿಷ್ ಸೈನ್ಯದಲ್ಲಿದ್ದವನು. ಜರ್ಮನಿಯ ಹಿಮದಲ್ಲಿ ಇಂಥದ್ದೇ ಟ್ಯಾಂಕಿನೊಳಗೆ ನಾಲ್ವರು ಉಂಡು, ಮಲಗಿ, ಜಗಳವಾಡಿ ವಾರಗಟ್ಟಲೆ ಕಳೆಯುತ್ತಿದ್ದರಂತೆ. ಅದೇ ನಮ್ಮ ಮನೆ ಅನ್ನುತ್ತಾನೆ. ಏನೇ ಕೆಟ್ಟರೂ ಚಹಾದ ನೀರು ಕಾಯಿಸುವ ಕರೆಂಟಿನ ಪಾತ್ರೆ ಮಾತ್ರ ನಡೆಯುತ್ತಿರಬೇಕು. ಅದಕ್ಕೆ ನೀರು ಬಿಟ್ಟು ಬೇರೇನೂ ಹಾಕಬಾರದೆಂಬುದು ಅವನ ಕಟ್ಟಪ್ಪಣೆ.

ಆದರೆ ಮನೆ ಅಂದಮೇಲೆ ಹಾಲು ಉಕ್ಕಿಸಬೇಡವೇ? ನೀನೇ ಕಲಿಸಿದ್ದಲ್ಲವೇ? ಬುಧವಾರ ನಮ್ಮ ತಂಡದ ನಾಲ್ವರೂ ಮೊದಲ ಸಲ ಒಟ್ಟಿಗೆ ಒಳಗೆ ಕೂತೆವು. ಪಾತ್ರೆಯ ಪಕ್ಕದಲ್ಲಿ ಕೂರುವ ರೆಕ್ಸ್‌ಡೇಲ್ ಬಡಾವಣೆಯ ವಿಕ್ರಮನಿಗೆ ಗುಟ್ಟಾಗಿ ಹಾಲಿನ ಚೀಲ ಕೊಟ್ಟು, ನಾನು ಮುಂದೆ ಹೋಗಿ ಚಾಲಕರ ಸೀಟಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ ಹಾಗೆ, ಅಂಗಾತ ಮಲಗಿದೆ. ಹಾಲು ಉಕ್ಕಿತು. ಉಕ್ಕಿ ಮುಚ್ಚಳ ದಾಟಿ ರೇಡಿಯೋ ಮೇಲೆ ಸುರಿಯಿತು. ಟುಸ್ ಅಂದಿತು, ಹೊಗೆ ಬಂತು. "ಅರೆ ಯಾರ್, ರೇಡಿಯೋ ಗಯಾ!" ಎಂದು ವಿಕ್ರಮ್ ಕಿರುಚಿದ. ಗನ್ನರ್ ಜೋನ್ ಅಜ್ಜಿ, ಮಂಡಿನೋವೆಲ್ಲ ಮರೆತು, ಮೇಲಿನ ಬಾಗಿಲಿನಿಂದ ಹಾರಿಯೇಬಿಟ್ಟಳು.

ಕ್ಲೈವ್ ಕೂಗಾಡಲಿಲ್ಲ, ಅದಕ್ಕೇ ಭಯವಾಯಿತು. ಶನಿವಾರ ಬೇರೆಯವರು ಓಡಿಸುತ್ತಾರೆ ಎಂದಷ್ಟೇ ಹೇಳಿದ. ನನಗೆ ಅಳುವೇ ಬಂತು. ಅಳುತ್ತಲೇ ಗೃಹಪ್ರವೇಶದ ವಿಷಯ ಹೇಳಿದೆ. ಕ್ಲೈವ್, ಜರ್ಮನಿಯಲ್ಲಿದ್ದ ತಮ್ಮ ಟ್ಯಾಂಕಿಗೂ ಯಾರಾದರೂ ಹೀಗೆ ಮಾಡಿದ್ದರೆ ಆ ದರಿದ್ರ ಎಂಜಿನ್ ಅಷ್ಟು ಸಲ ಕೈಕೊಡುತ್ತಿರಲಿಲ್ಲವೇನೋ ಎಂದ. ಹಾಲು ಇಂಥ ಕಡೆಗೇ ಉಕ್ಕಬೇಕೆಂದು ಇದೆಯೇ ಎಂದೂ ಕೇಳಿದ. ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದು ಎಂದೆ. ಫೋನಿನ ದಿಕ್ಸೂಚಿ ಆ ಉಕ್ಕಿನ ಗೋಡೆಗಳ ನಡುವೆ ತಲೆಕೆಟ್ಟು ತಿರುಗತೊಡಗಿದಾಗ, ಆ ಮನುಷ್ಯ ಹೊರಗಿಳಿದು ಸೂರ್ಯ ಯಾವ ಕಡೆ ಇಳಿಯುತ್ತಿದ್ದಾನೆ ಎಂದು ನೋಡಿ ಬಂದ ಅಮ್ಮಾ! ರೇಡಿಯೋ ಇರುವುದು ಪೂರ್ವಕ್ಕೇ. ಹಾಗಾದರೆ ಉಕ್ಕಿಸಿದವಳೇ ಓಡಿಸಲಿ, ಅದಕ್ಕೆ ಮೊದಲು ರೇಡಿಯೋ ರಿಪೇರಿ ಮಾಡಲಿ ಎಂದ.

ಹಲ್ಲುಜ್ಜುವ ಬ್ರಷ್ಷಿನಿಂದ ತಂತಿ ತಂತಿಯನ್ನೂ ಉಜ್ಜಿದೆ. ನಿನ್ನೆ ಓಡಿಸಿದೆ! ನೆಲ ನಡುಗಿತು, ಮಕ್ಕಳು ಕೇಕೆ ಹಾಕಿದರು, ಕ್ಲೈವ್ ಅದೇ ರೇಡಿಯೋದಿಂದ ನನ್ನ ಕಿವಿಯಲ್ಲಿ ಎಡ, ಬಲ ಎಂದು ದಾರಿ ಹೇಳುತ್ತಿದ್ದ. ಒಳಗೆಲ್ಲ ಸೀದ ಹಾಲಿನ ವಾಸನೆ. ನಾನು ತುಂಬ ಖುಷಿಯಾಗಿದ್ದೇನೆ ಅಮ್ಮ.

ನಿನ್ನ
ಅರುಂಧತಿ

ತಾ.ಕ.: ಈ ಅಪಾರ್ಟ್‌ಮೆಂಟಿಗೆ ಬಂದ ದಿನ ಹಾಲು ಉಕ್ಕಿಸಿದೆ ಎಂದು ನಿನಗೆ ಹೇಳಿದ್ದೆ. ಇಲ್ಲ ಅಮ್ಮ. ಹಾಲು ತಂದಿದ್ದೆ, ಒಬ್ಬಳೇ ನಿಂತು ನೋಡಲು ಮನಸ್ಸಾಗದೆ ಕಾಫಿ ಮಾಡಿಕೊಂಡು ಕುಡಿದೆ. ಬುಧವಾರ ನಾವು ನಾಲ್ವರಿದ್ದೆವು.