ಎಡಗಡೆಯದು ನಿದ್ದೆಯದು

ಗುರುಗಳೆನಿಸಿಕೊಂಡಿದ್ದ ಡಾಕ್ಟರ್ ಸಾಹೇಬರೇ,

ನೀವು ಹೋದ ಮೇಲೆ ಆಸ್ಪತ್ರೆಯವರು ನಿಮ್ಮ ಫೋಟೋಕ್ಕೆ ಗಂಧದ ಹಾರ ಹಾಕಿ, ಎಂಥ ಕೈ, ಎಂಥ ಅನುಭವ ಎಂದು ಭಾಷಣ ಮಾಡಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಉಪ್ಪಿಟ್ಟು ತಿಂದು ಎದ್ದು ಬಂದೆ. ಅಳು ಬರಲಿಲ್ಲ. ಬರಬೇಕಿತ್ತೇ?

ತೊಂಬತ್ತರ ದಶಕದಲ್ಲಿ ಧಾರವಾಡಕ್ಕೆ ಅರಿವಳಿಕೆ ಕಲಿಯಲು ಬಂದ ಹೊಸತರಲ್ಲಿ, ಸಿರಿಂಜುಗಳಿಗೆ ಮದ್ದಿನ ಹೆಸರು ಬರೆದ ಚೀಟಿ ಅಂಟಿಸುತ್ತಿದ್ದೆ. ನೀವು ಒಂದೊಂದನ್ನೇ ಕಿತ್ತು ಬಿಸಾಕಿದಿರಿ. "ಏನವಾ, ಕಿರಾಣಿ ಅಂಗಡಿ ಇಟ್ಟೀಯೇನು? ಎಡಗಡೇದು ನಿದ್ದಿದು, ಬಲಗಡೇದು ಮೈ ಸಡ್ಲ ಮಾಡೂದು. ಇಷ್ಟು ನೆಪ್ಪಿಡಾಕ ಬರೂದಿಲ್ಲಂದ್ರ ಡಾಕ್ಟರಕಿ ಯಾಕ ಕಲಿತಿ?" ಎಲ್ಲರೂ ನಕ್ಕರು. ನಿಮ್ಮ ಜಾಣತನಕ್ಕಲ್ಲ, ಹೆದರಿಕೆಗೆ. ಅದೂ ನಿಮಗೆ ತಿಳಿಯಲಿಲ್ಲ.

ಆಮೇಲೆ ಆ ಪೇಡೆಯ ದಿನ. ಗುಣವಾದ ರೋಗಿಯೊಬ್ಬರು ಕೊಟ್ಟ ಡಬ್ಬಿಯನ್ನು ಆಪರೇಷನ್ ಥಿಯೇಟರಿನೊಳಗೇ ತರಿಸಿಕೊಂಡಿರಿ. ಅದಕ್ಕೆ ಜಾಗ ಮಾಡಲು ಸಿಸ್ಟರ್ ಮದ್ದಿನ ಟ್ರೇ ತಿರುಗಿಸಿಟ್ಟರು. ಎಡದ್ದು ಬಲಕ್ಕೆ ಹೋಯಿತು. ನಿಮ್ಮ ಮಹಾನ್ ಕೈ ಮಾತ್ರ ಎಡಕ್ಕೇ ಹೋಯಿತು. ಮೇಜಿನ ಮೇಲಿದ್ದ ಕೆಲಗೇರಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ನಿದ್ದೆ ಬರುವ ಮೊದಲೇ ಕೈಕಾಲು, ರೆಪ್ಪೆ, ಉಸಿರು ಎಲ್ಲ ಕಳೆದುಕೊಂಡು ಪೂರ್ತಿ ಎಚ್ಚರದಲ್ಲಿ ಮಲಗಿದ್ದರು. ನೀವು ಪೇಡೆಯನ್ನು ಬೈಯುತ್ತ ನಿಂತಿದ್ದಿರಿ. ಅವರ ಎದೆ ಏಳುತ್ತಿಲ್ಲವೆಂದು ಕಂಡು ನಾನು ಮಾಸ್ಕ್ ಒತ್ತಿ ಉಸಿರು ಕೊಡದಿದ್ದರೆ...

ಮರುದಿನ ವಾರ್ಡಿನಲ್ಲಿ ಅವರು ನಿಮ್ಮನ್ನು ಕೇಳಿದರು: "ಸಾಹೇಬ್ರ, ನನಗ ಉಸಿರಾಡಾಕ ಬರವಲ್ದಾಗಿತ್ತು. ನೀವು ಪೇಡೆ ಗಟ್ಟಿ ಆಗ್ಯಾವ ಅನ್ನಾಕತ್ತಿದ್ರಿ. ಖರೇ ಏನ್ರಿ?"

"ಕನಸು ಬಿದ್ದೈತ್ರಿ ನಿಮಗ," ಎಂದಿರಿ. ನಾನು ಬಾಯಿ ತೆರೆದದ್ದೇ ತಡ, ಹೊರಗೆ ಅಟ್ಟಿದಿರಿ. ಆ ವಾರ್ಡಿಗೆ ಕಾಲಿಡಬೇಡ ಎಂದಿರಿ. ತಪ್ಪು ಯಾರಿಂದಲಾದರೂ ಆದೀತು. ಅದನ್ನು ಆಕೆಯ ತಲೆಗೆ ಕಟ್ಟಲು ಎಂಥ ಮನಸ್ಸು ಬೇಕು, ಛೀ!

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ವರ್ಷಗಳ ನಂತರ ಅದೇ ಅಕ್ಕೋರು ಮತ್ತೊಂದು ಆಪರೇಷನ್ನಿಗೆ ಬಂದರು, ನಡುಗುತ್ತ. ಈಗ ವಿಭಾಗ ನನ್ನ ಕೈಯಲ್ಲಿದೆ. ಪ್ರತಿ ಸಿರಿಂಜಿಗೂ ಬಣ್ಣದ ಚೀಟಿ, ಚುಚ್ಚುವ ಮೊದಲು ಇಬ್ಬರು ಹೆಸರು ಓದಿ ಹೇಳಬೇಕು. ನಾನು ಅವರ ಪಕ್ಕ ಕೂತು ಹೇಳಿದೆ: "ಅಕ್ಕೋರ, ಅವತ್ತಿಂದು ಕನಸಲ್ರಿ. ನಾ ಅಲ್ಲೇ ಇದ್ದೆ. ತಪ್ಪು ಮದ್ದು ಕೊಟ್ಟಿದ್ರು."

ಅವರು ಬಹಳ ಹೊತ್ತು ಅತ್ತರು. "ಮನ್ಯಾಗ ಎಲ್ಲಾರೂ ಹುಚ್ಚಿ ಅಂದ್ರು ನನಗ. ನಾನೂ ಹಂಗ ತಿಳ್ಕೊಂಡಿದ್ದೆ."

ಥಿಯೇಟರಿನಲ್ಲಿ ಅವರೇ ಸಿರಿಂಜು ಕೇಳಿ ಪಡೆದು, ಚೀಟಿಯ ಮೇಲಿನ ಹೆಸರನ್ನು ಇಡೀ ತರಗತಿಗೆ ಕೇಳಿಸುವಂತೆ ಪಾಠ ಓದುವಷ್ಟು ಗಟ್ಟಿಯಾಗಿ ಓದಿದರು. "ಇದು ನಿದ್ದಿದು, ಹೌದಲ್ರಿ?"

"ಹೌದ್ರಿ," ಎಂದೆ.

ನಿಮ್ಮ ಫೋಟೋ ಆ ಥಿಯೇಟರಿನ ಬಾಗಿಲ ಆಚೆಗೇ ನೇತಾಡುತ್ತಿದೆ. ಕೇಳಿಸಿತೇ, ಸಾಹೇಬರೇ?